ನಾಲಿಗೆ ಯಜಮಾನರ ರಕ್ತ

"ಇಪ್ಪತ್ನಾಲ್ಕು ಸಾವಿರ ಇದ್ದದ್ದು ಒಂಬತ್ತು ಸಾವಿರಕ್ಕೆ ಇಳಿದಿದೆ," ಎಂದರು ಭಾವ, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ. "ಬಿಳಿ ರಕ್ತಕಣ. ಹನ್ನೊಂದು ಸಾವಿರದ ಒಳಗಿದ್ರೆ ಎಲ್ಲಾ ಸರಿ ಅಂತ ಲೆಕ್ಕ."

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಭಾವ."

"ಮನುಷ್ಯ ಹೇಗಿದಾರೆ?"

"ಬೆಳಿಗ್ಗೆಯಿಂದ ಬಿಪಿ ಇಳೀತಾನೇ ಇದೆಯಂತೆ. ಕರೆದ್ರೂ ಕಣ್ಣು ಬಿಡ್ತಿಲ್ಲ."

ಭಾವ ಕನ್ನಡಕವನ್ನು ಹಣೆಗೇರಿಸಿ ನನ್ನ ಕಡೆ ತಿರುಗಿದರು. ನನ್ನ ಅಕ್ಕನ ಗಂಡನನ್ನು ನಾನು ಬಹಳ ವರ್ಷಗಳಿಂದ ಬಲ್ಲೆ. ಕನ್ನಡಕ ಹಣೆಗೆ ಹೋಯಿತೆಂದರೆ ತಮಾಷೆ ನಿಲ್ಲಿಸಬೇಕು.

"ಸೋಂಕು ಇಳಿದ್ರೆ ಮನುಷ್ಯ ಏಳಬೇಕು. ಇಲ್ಲಿ ಎರಡೂ ಒಟ್ಟಿಗೆ ಇಳೀತಿವೆ. ಇದು ಸೋಂಕೇ ಅಲ್ಲ ಕಣೇ."

ಚಹಾ ಕಂಪನಿಯ ಹಿರಿಯ ರುಚಿಗಾರ, ಇಡೀ ವ್ಯಾಪಾರಕ್ಕೆ 'ನಾಲಿಗೆ ಯಜಮಾನರು' ಎಂದೇ ಗೊತ್ತಿರುವ ಮನುಷ್ಯ, ಸೋಮವಾರ ಬೆಳಿಗ್ಗೆ ಕಪ್ಪುಗಳ ಸಾಲಿನ ಮುಂದೆಯೇ ಕುಸಿದುಬಿದ್ದಿದ್ದರು. ವಿಷ ಹಾಕಿದನೆಂದು ಪೊಲೀಸರು, ಪಕ್ಕದಲ್ಲೇ ನಿಂತು ರುಚಿ ನೋಡುವ ಅವರ ಅಳಿಯನನ್ನು ಒಳಗೆ ಹಾಕಿದ್ದರು. ಗಂಡನನ್ನು ಬಿಡಿಸಿಕೊಡಿ ಎಂದು ಮಗಳು, ಪೊಲೀಸ್ ಕೆಲಸ ಬಿಟ್ಟು ಪತ್ತೇದಾರಿಕೆಗೆ ಇಳಿದಿರುವ ನನ್ನ ಕಾಲು ಹಿಡಿಯುವುದೊಂದು ಬಾಕಿ.

ಆಸ್ಪತ್ರೆಯ ಡಾಕ್ಟರು ಮಾತ್ರ ವಿಷದ ಮಾತನ್ನು ತಳ್ಳಿಹಾಕಿದ್ದರು. ಸಕ್ಕರೆ ವಿಪರೀತ ಏರಿದೆ, ಬಿಳಿ ಕಣ ಏರಿದೆ, ಮೈಯಲ್ಲಿ ಎಲ್ಲೋ ಕೀವು ಕಟ್ಟಿದೆ ಎಂದು ತೀರ್ಮಾನಿಸಿ ಸೋಂಕಿನ ಔಷಧ ಹಾಕುತ್ತಿದ್ದರು. ಆ ಆಸ್ಪತ್ರೆಯ ರಕ್ತವೆಲ್ಲ ಬರುವುದು ಭಾವನ ಲ್ಯಾಬಿಗೆ.

"ಕೀವೂ ಸಿಕ್ಕಿಲ್ಲ, ಜ್ವರಾನೂ ಇಲ್ಲ," ಎಂದೆ ನಾನು.

"ಸಿಗೋದೂ ಇಲ್ಲ. ಬಿಳಿ ಕಣ ಏರಿದ್ರೆ ನೂರಕ್ಕೆ ತೊಂಬತ್ತು ಜನ ಸೋಂಕು ಅಂತ ಅಲ್ಲೇ ನಿಂತುಬಿಡ್ತಾರೆ. ಕಾರಣ ಒಂದಾ ಎರಡಾ? ಸುಟ್ಟಗಾಯ ಆದ್ರೆ ಏರುತ್ತೆ, ಆಪರೇಷನ್ ಆದ್ರೆ ಏರುತ್ತೆ, ಕೀಲು ಊದಿಕೊಂಡ್ರೆ ಏರುತ್ತೆ. ಬಸುರಿಯರಿಗೆ ಏರುತ್ತೆ. ಬೀಡಿ ಸಿಗರೇಟು ಸೇದೋರಿಗೆ ವರ್ಷಪೂರ್ತಿ ಸ್ವಲ್ಪ ಮೇಲೇ ಇರುತ್ತೆ. ಓಡಿ ಬಂದು ಕೂತ್ರೂ, ಹೆದರಿದ್ರೂ ಏರುತ್ತೆ. ಈಗ ನಿನ್ನ ರಕ್ತ ತೆಗೆದ್ರೂ ಹನ್ನೊಂದು ದಾಟಿರುತ್ತೆ."

"ನಾನೇನು ಹೆದರೋಳಾ?"

"ಹಾಗಂತ ನೀನು ಹೇಳ್ತೀಯ. ನಿನ್ನ ರಕ್ತ ಹೇಳಲ್ಲ. ಬಾ, ಇಲ್ಲಿ ನೋಡು."

ಎರಡು ಗಾಜಿನ ಪಟ್ಟಿಗಳು. ಒಂದು ಸೋಮವಾರದ ರಕ್ತ, ಇನ್ನೊಂದು ಇಂದಿನದು. ಕೆಂಪು ಕಣಗಳ ನಡುವೆ ನೇರಳೆ ಬಣ್ಣದ ಬೊಟ್ಟುಗಳು. ನನಗೆ ಎರಡೂ ಒಂದೇ ತರಹ ಕಂಡವು. ಭಾವನ ಬೆರಳ ತುದಿಗೆ ಹತ್ತಿದ್ದ ನೀಲಿ ಬಣ್ಣವನ್ನು ನೋಡುತ್ತ ಕೇಳಿಸಿಕೊಂಡೆ.

"ಜೋರು ಸೋಂಕಿದ್ರೆ ಮೈ ಅವಸರಕ್ಕೆ ಎಳೆ ಕಣಗಳನ್ನೂ ಹೊರಗೆ ತಳ್ಳುತ್ತೆ. ಸೋಮವಾರದ್ದರಲ್ಲಿ ಒಂದೂ ಎಳೇದಿಲ್ಲ, ಎಲ್ಲಾ ಬಲಿತವು. ಬ್ಲಡ್ ಕ್ಯಾನ್ಸರ್ ಅಂತ ಯಾರೋ ಆ ಮನೆಯವರ ಕಿವಿಗೆ ಹಾಕಿದಾರಂತೆ, ಅದೂ ಅಲ್ಲ. ಆಗಿದ್ರೆ ಬಲಿಯದ ಕಣಗಳೇ ತುಂಬಿಕೊಂಡಿರ್ತಿದ್ವು. ಅಲರ್ಜಿ, ಹೊಟ್ಟೆಹುಳ ಅಂದ್ರೆ ಕಿತ್ತಳೆ ಚುಕ್ಕೆ ಇರೋ ಕಣ ಜಾಸ್ತಿ ಇರ್ಬೇಕು. ಸೋಮವಾರ ಅದು ದೀಪ ಹಾಕಿ ಹುಡುಕಿದ್ರೂ ಇಲ್ಲ. ಇವತ್ತು ನೋಡು, ಎಲ್ಲಿ ನೋಡಿದ್ರೂ ಅದೇ."

"ಒಗಟು ಸಾಕು ಭಾವ. ಏನು ಹಾಗಂದ್ರೆ?"

"ಸ್ಟಿರಾಯ್ಡ್. ನಮ್ಮ ರಕ್ತನಾಳದ ಗೋಡೆಗೆ ಒರಗಿಕೊಂಡಿರೋ ಬಿಳಿ ಕಣ ಬೇಕಾದಷ್ಟಿರ್ತವೆ. ನಾವು ಎಣಿಸೋದು ಹರಿಯೋ ರಕ್ತದಲ್ಲಿ ಇರೋದನ್ನ ಮಾತ್ರ. ಸ್ಟಿರಾಯ್ಡ್ ಒಳಗೆ ಹೋದ್ರೆ ಒರಗಿದ್ದವೆಲ್ಲ ಗೋಡೆ ಬಿಟ್ಟು ರಕ್ತಕ್ಕೆ ಬರ್ತವೆ. ಬಸ್ ಸ್ಟ್ಯಾಂಡಲ್ಲಿ ಗೋಡೆಗೆ ಒರಗಿದವರನ್ನ ಎಬ್ಬಿಸಿದ ಹಾಗೆ. ಸಕ್ಕರೆ ಏರಿ ಕುಸಿದದ್ದೂ ಅದರಿಂದಾನೇ."

"ನಿಲ್ಲಿಸಿದ್ರೆ ಕಣ ಇಳಿಯುತ್ತೆ."

"ಇಳಿಯುತ್ತೆ. ಅದು ಅಡಗಿಸಿಟ್ಟಿದ್ದ ಕಿತ್ತಳೆ ಚುಕ್ಕೆ ಕಣ ಮತ್ತೆ ಏಳ್ತವೆ. ತಿಂಗಳುಗಟ್ಟಲೆ ನುಂಗಿದವರ ಮೈ ಆ ಸ್ಟಿರಾಯ್ಡನ್ನ ತಾನಾಗೇ ತಯಾರಿಸೋದನ್ನ ಬಿಟ್ಟಿರುತ್ತೆ. ಥಟ್ಟನೆ ನಿಲ್ಲಿಸಿದ್ರೆ ಬಿಪಿ ನೆಲ ಕಚ್ಚುತ್ತೆ. ಆಸ್ಪತ್ರೆ ಸೇರಿದಾಗಿನಿಂದ ನಿಂತಿದೆಯಲ್ಲ? ಸಂಜೆ ತನಕ ಉಳಿಯೋದು ಕಷ್ಟ. ಒಂದು ಇಂಜೆಕ್ಷನ್ ಬಿದ್ರೆ ಎದ್ದು ಕೂರ್ತಾರೆ."

ನನ್ನ ಕೈ ಆಗಲೇ ಫೋನಿಗೆ ಹೋಗಿತ್ತು. ಡಾಕ್ಟರು ಆಪರೇಷನ್ನಿಗೆ ಹೊರಟಿದ್ದರು. ಕೇಳಿ ಸಿಡುಕಿದರು.

"ಮಗಳು ಮೂರು ಸಲ ಹೇಳಿದಾರೆ ಮೇಡಂ, ನಮ್ಮಪ್ಪ ತಲೆನೋವಿಗೂ ಮಾತ್ರೆ ಮುಟ್ಟಿದವರಲ್ಲ ಅಂತ. ಈಗ್ಲೂ ಪಕ್ಕದಲ್ಲೇ ಇದಾರೆ, ನೀವು ಹೀಗಂತೀರಿ ಅಂತ ಅವರಿಗೇ ಹೇಳ್ತೀನಿ ಬೇಕಾದ್ರೆ. ಒಳಗೆ ಕೀವಿದ್ದು ನಾನು ಆ ಇಂಜೆಕ್ಷನ್ ಕೊಟ್ರೆ ಸೋಂಕಿಗೆ ಬಾಗಿಲು ತೆಗೆದ ಹಾಗೆ. ಕೊಟ್ಟವರ ಬಾಯಿಂದ ಒಂದು ಮಾತು ಕೇಳಿಸಿ. ಆ ಕ್ಷಣ ಚುಚ್ಚಿಸ್ತೀನಿ."

ಫೋನ್ ಇಟ್ಟುಬಿಟ್ಟರು. ಅವರ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ.

"ಭಾವ, ಯಾರಾದ್ರೂ ಅವರಿಗೆ ಗೊತ್ತಾಗದ ಹಾಗೆ ಕಪ್ಪಿನಲ್ಲಿ ಬೆರೆಸಿದ್ರೆ?"

"ಆ ಮಾತ್ರೆ ಪುಡಿ ಕಹಿ ಅಂದ್ರೆ ಕಹಿ. ಊರಿಗೆಲ್ಲ ರುಚಿ ಹೇಳೋ ನಾಲಿಗೆಗೆ ಅದು ಗೊತ್ತಾಗಲ್ವಾ?"

ಅಷ್ಟೇ ಅಲ್ಲ. ನಿನ್ನೆ ಆ ರುಚಿ ನೋಡುವ ಕೋಣೆಯಲ್ಲಿ ಒಂದು ಗಂಟೆ ನಿಂತಿದ್ದೆ. ಅಲ್ಲಿಯವರು ಚಮಚದಿಂದ ಸುರ್ರೆಂದು ಎಳೆಯುತ್ತಾರೆ, ಬಾಯಿ ತುಂಬ ಹೊರಳಿಸುತ್ತಾರೆ, ಪಕ್ಕದ ಪಾತ್ರೆಗೆ ಉಗಿಯುತ್ತಾರೆ. ಒಂದು ಹನಿಯನ್ನೂ ನುಂಗುವುದಿಲ್ಲ. ಕಪ್ಪಿನಿಂದ ಅವರನ್ನು ಕೊಲ್ಲಲು ಹೊರಟವನಿಗೆ ಆ ಕಸುಬೇ ಗೊತ್ತಿಲ್ಲ ಎಂದಾಯಿತು. ಅಂದರೆ ಯಜಮಾನರು ಗೊತ್ತಿದ್ದೇ ನುಂಗುತ್ತಿದ್ದರು.

"ಯಾಕೆ ನುಂಗ್ತಾರೆ ಜನ ಅದನ್ನ?"

"ಉಬ್ಬಸ, ಕೀಲುನೋವು, ಚರ್ಮದ ಕಾಯಿಲೆ," ಭಾವ ಬೆರಳು ಮಡಿಸಿದರು. "ಆಮೇಲೆ ಮೂಗಿಗೆ. ಒಳಗೆ ದುರ್ಮಾಂಸ ಬೆಳೆದು ವಾಸನೆ ಪೂರ್ತಿ ಹೋಗಿರುತ್ತೆ ನೋಡು, ಅಂಥವರಿಗೆ ಕೊಟ್ರೆ ನಾಲ್ಕು ದಿನದಲ್ಲಿ ವಾಸನೆ ವಾಪಸ್ ಬರುತ್ತೆ. ಬಿಟ್ರೆ ಮತ್ತೆ..."

ಭಾವ ಅರ್ಧಕ್ಕೆ ನಿಲ್ಲಿಸಿದರು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಕಹಿ, ಒಗರು ಹೇಳುವುದು ನಾಲಿಗೆ. ಈ ಚಹಾ ಯಾವ ತೋಟದ್ದು, ಎಲೆ ಹಳತೋ ಹೊಸತೋ, ಹೊಗೆ ತಾಗಿದೆಯೋ ಎಂದು ಹೇಳುವುದೆಲ್ಲ ಮೂಗು. ಮೂಗು ಹೋದ ರುಚಿಗಾರನೆಂದರೆ ಕಣ್ಣು ಹೋದ ಅಕ್ಕಸಾಲಿಗ.

ಯಜಮಾನರ ಹೆಂಡತಿ ಹೊರಗಿನ ಬೆಂಚಿನ ಮೇಲೇ ಕೂತಿದ್ದರು. ಇಂದಿನ ರಕ್ತದ ಸೀಸೆಯನ್ನು ಆಸ್ಪತ್ರೆಯವರ ಕೈಗೂ ಕೊಡದೆ ಸೆರಗಿನಲ್ಲಿ ಸುತ್ತಿಕೊಂಡು ತಾವೇ ತಂದಿದ್ದರು. ನಾನು ಅವರ ಪಕ್ಕ ಕೂತೆ.

"ದೊಡ್ಡಮ್ಮ, ಬೇಜಾರು ಮಾಡ್ಕೋಬೇಡಿ. ಯಜಮಾನರಿಗೆ ವಾಸನೆ ಗೊತ್ತಾಗ್ತಿತ್ತಾ?"

"ಏನ್ ಮಾತು ಅಂತ ಆಡ್ತೀಯಮ್ಮ!" ಅವರ ಕಣ್ಣು ಕೆಂಪಾಯಿತು. "ಡಬ್ಬಿ ಮುಚ್ಚಳ ತೆಗೆಯೋ ಮುಂಚೆ ಎಲೆ ಯಾವ ತೋಟದ್ದು ಅಂತ ಹೇಳೋ ಮನುಷ್ಯ ಅವರು. ನಾನು ತಲೆಗೆ ಎಣ್ಣೆ ಬದಲಾಯಿಸಿದ್ರೆ ಬಾಗಿಲಲ್ಲೇ ಹೇಳ್ತಿದ್ರು."

"ಈಗಲೂ ಹೇಳ್ತಾರಾ?"

ಅವರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದರು.

"ಹೋದ ವರ್ಷ ಹಾಲು ಸೀದುಹೋಯ್ತು," ಎಂದರು ಮೆಲ್ಲಗೆ. "ಪಾತ್ರೆ ಕರಕಲು. ಮಹಡಿ ಮೇಲಿದ್ದ ನಾನು ಮೂಗು ಮುಚ್ಕೊಂಡು ಓಡಿ ಬಂದೆ. ಅವರು ಅಡುಗೆಮನೆ ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಿದ್ರು. ಯಾಕೇ ಓಡ್ತಿದೀಯ ಅಂದ್ರು. ಏನೋ ಯೋಚನೆಯಲ್ಲಿ ಮುಳುಗಿದಾರೆ ಅಂತ ನಾನು..." ಅವರು ನನ್ನ ತೋಳು ಹಿಡಿದುಕೊಂಡರು. "ಅಯ್ಯೋ, ಅವರಿಗೆ ಗೊತ್ತೇ ಆಗಿರ್ಲಿಲ್ಲ. ಒಂದೇ ಮನೇಲಿದ್ದು ನನಗೆ ತಿಳೀಲಿಲ್ವಲ್ಲೇ!"

ಅಷ್ಟು ದೊಡ್ಡ ಹೆಂಗಸು ಹಾಗೆ ಬಿಳಿಚಿಕೊಂಡದ್ದನ್ನು ನೋಡಲು ನನ್ನಿಂದಾಗಲಿಲ್ಲ. ಸಮಾಧಾನ ಹೇಳುವ ಹೊತ್ತೂ ಅದಾಗಿರಲಿಲ್ಲ. ಮಾತ್ರೆ ಕೊಟ್ಟವನ ಬಾಯಿ ಬಿಡಿಸಬೇಕಿತ್ತು. ಬೆಳಗಾದರೆ ಅಳಿಯ ಮಾವನ ಕೈಗೆ ಏನನ್ನೋ ಕೊಡುತ್ತಿದ್ದನೆಂದು ಕಪ್ಪು ತೊಳೆಯುವವಳು ಪೊಲೀಸರಿಗೆ ಹೇಳಿದ್ದಳು. ಅವನನ್ನು ಹಿಡಿದದ್ದೇ ಆ ಮಾತಿನ ಮೇಲೆ.

"ನಾನೂ ಬರ್ತೀನಿ," ಎಂದು ದೊಡ್ಡಮ್ಮ ಎದ್ದು ನಿಂತರು.

* * *

ಠಾಣೆಯಲ್ಲಿ ನನ್ನನ್ನು ತಡೆಯುವವರಿಲ್ಲ. ಅಲ್ಲಿನ ಅರ್ಧ ಜನಕ್ಕೆ ಸಲ್ಯೂಟ್ ಹೊಡೆಯಲು ಕಲಿಸಿದ್ದೇ ನಾನು. ದೊಡ್ಡಮ್ಮನನ್ನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಿಸಿ ಲಾಕಪ್ಪಿನ ಸರಳಿನ ಮುಂದೆ ನಿಂತೆ.

ಅಳಿಯ ತೆಳ್ಳಗಿನ ಆಳು. ಪೇದೆ ಕೊಟ್ಟ ನೀರನ್ನು ಕುಡಿಯುವ ಮುಂಚೆ ಅಭ್ಯಾಸಬಲದಿಂದ ಮೂಸಿ ನೋಡುತ್ತಿದ್ದ.

"ನಿಮ್ಮ ಮಾವನವರ ಮೂಗು ಯಾವಾಗ ಹೋಯ್ತು?" ಎಂದು ನೇರವಾಗಿ ಕೇಳಿದೆ.

ಲೋಟ ಅಲ್ಲೇ ನಿಂತಿತು. "ಯಾರ್ ಹೇಳಿದ್ದು ನಿಮಗೆ?"

"ಅವರ ರಕ್ತ."

"ಅವರ ಬಗ್ಗೆ ಹಾಗೆಲ್ಲ ಮಾತಾಡಬೇಡಿ ಮೇಡಂ. ಅವರಂಥ ನಾಲಿಗೆ ಈ ಕಸುಬಿನಲ್ಲಿ ಇನ್ನೊಂದಿಲ್ಲ. ನನ್ನನ್ನ ಬೇಕಾದ್ರೆ ಗಲ್ಲಿಗೇರಿಸಿ."

"ನಿಮ್ಮನ್ನ ಗಲ್ಲಿಗೇರಿಸೋಕೆ ಇನ್ನೂ ಟೈಮಿದೆ. ಅವರಿಗಿಲ್ಲ. ಸಾಯ್ತಿದಾರೆ ರೀ! ದಿನಾ ನುಂಗ್ತಿದ್ದ ಮಾತ್ರೆ ನಿಂತುಹೋಗಿದೆ, ಅದಕ್ಕೇ ಸಾಯ್ತಿದಾರೆ. ಏನು ನುಂಗ್ತಿದ್ರು ಅಂತ ಡಾಕ್ಟರಿಗೆ ಗೊತ್ತಿಲ್ಲ. ಅವರ ಮಾನ ಕಾಯೋಕೆ ಹೋಗಿ ಪ್ರಾಣ ತೆಗೀತಿದೀರಿ."

ಲೋಟ ಕೈಯಿಂದ ಜಾರಿತು. ನೀರು ನನ್ನ ಚಪ್ಪಲಿಯವರೆಗೂ ಹರಿಯಿತು.

"ಸಾಯ್ತಿದಾರಾ? ಸೋಂಕು ಅಂದ್ರಲ್ಲ, ಔಷಧ ಹಾಕ್ತಿದಾರೆ ಅಂದ್ರಲ್ಲ..." ಅವನು ಸರಳು ಹಿಡಿದುಕೊಂಡ. "ಒಂದು ವರ್ಷದ ಮೇಲಾಯ್ತು ಮೇಡಂ. ಒಂದಿನ ಬೆಳಿಗ್ಗೆ ನನ್ನ ಕಿವಿಯಲ್ಲಿ ಹೇಳಿದ್ರು, ಈ ಕಪ್ಪಿಗೂ ಆ ಕಪ್ಪಿಗೂ ವ್ಯತ್ಯಾಸಾನೇ ಗೊತ್ತಾಗ್ತಿಲ್ಲ ಕಣಯ್ಯಾ ಅಂತ. ಅವತ್ತಿಂದ ಚಮಚ ಶುರುವಾಯ್ತು."

"ಎಂಥಾ ಚಮಚ?"

"ಸಾಲಿನಲ್ಲಿ ನಾನು ಅವರಿಗಿಂತ ಒಂದು ಕಪ್ಪು ಮುಂದಿರ್ತೀನಿ. ಎಲೆ ಚೆನ್ನಾಗಿದ್ರೆ ಚಮಚ ಬೋರಲು ಇಡ್ತೀನಿ. ಹಳತಾಗಿದ್ರೆ ಅಂಗಾತ. ಹೊಗೆ ತಾಗಿದ್ರೆ ಕಪ್ಪಿನ ಬಾಯಿಗೆ ಅಡ್ಡ. ಅವರು ಅದನ್ನ ನೋಡ್ಕೊಂಡು ಸುರ್ ಅಂತ ಎಳೆದು ಹೇಳಿಬಿಡ್ತಾರೆ. ಎದುರಿಗೆ ನಿಂತ ವ್ಯಾಪಾರದವರು ತಲೆದೂಗ್ತಾರೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸೋಮವಾರದಿಂದ ಯಾರೂ ಮುಟ್ಟದ ಆ ಸಾಲಿನಲ್ಲಿ ಚಮಚಗಳನ್ನು ಹೀಗೆ ಇಟ್ಟಿದ್ದನ್ನು ನಿನ್ನೆ ನಾನೇ ಕಣ್ಣಾರೆ ಕಂಡಿದ್ದೆನಲ್ಲ, ಆ ಕೋಣೆಯವರ ಶಿಸ್ತೆಂದು ಮೆಚ್ಚಿಕೊಂಡಿದ್ದೆನಲ್ಲ!

"ಆಮೇಲೆ ಮೆಡಿಕಲ್ ಶಾಪಿನವನೊಬ್ಬ ಮೂಗಿಗೆ ಅಂತ ಮಾತ್ರೆ ಕೊಟ್ಟ. ನಾಲ್ಕೇ ದಿನ. ಐದನೇ ದಿನ ಕೋಣೆಯಲ್ಲಿದ್ದ ಡಬ್ಬಿಗಳನ್ನೆಲ್ಲ ತೆಗೆದು ತೆಗೆದು ಮೂಸಿದ್ರು. ಮಗು ಥರ ಅತ್ರು. ಅಂಥವರಿಗೆ ಹೇಗೆ ಕೊಡಲ್ಲ ಅನ್ಲಿ? ದಿನಾ ಬೆಳಿಗ್ಗೆ ನಾನೇ ಕೈಗೆ ಹಾಕ್ತಿದ್ದೆ."

ಅವನು ಮಾತು ಮುಗಿಸುವಷ್ಟರಲ್ಲಿ ನಾನು ಫೋನ್ ಹಚ್ಚಿದ್ದೆ. ಡಾಕ್ಟರು ಆಗಷ್ಟೇ ಆಪರೇಷನ್ ಕೋಣೆಯಿಂದ ಹೊರಬಂದಿದ್ದರು. ಫೋನನ್ನು ಸರಳಿನೊಳಗೆ ತೂರಿಸಿ ಅವನ ಬಾಯಿಗೆ ಹಿಡಿದೆ. ಅವನು ಮಾತ್ರೆಯ ಹೆಸರು ಹೇಳಿದ, ಎಷ್ಟು ತಿಂಗಳು ಎಂದೂ ಹೇಳಿದ.

"ಇದನ್ನ ಮೊದಲೇ ಹೇಳೋಕೇನಾಗಿತ್ರೀ!" ಎಂದು ಡಾಕ್ಟರು ಕೂಗಿದ್ದು ನನಗೂ ಕೇಳಿಸಿತು. "ವಾರ್ಡಿಗೆ ಹೋಗ್ತಿದೀನಿ. ಈಗಲೇ ಕೊಡಿಸ್ತೀನಿ."

ಅಬ್ಬಾ ಎಂದು ಗೋಡೆಗೆ ಒರಗಿದೆ. ಬಾಗಿಲ ಹತ್ತಿರ ದೊಡ್ಡಮ್ಮ ಕಣ್ಣು ಮುಚ್ಚಿ ಕೈಜೋಡಿಸಿದರು.

ಅಳಿಯನ ಮುಖ ಮಾತ್ರ ಗಂಟಾಗಿತ್ತು.

"ಆದ್ರೆ ಮೇಡಂ, ಅದು ಹೇಗೆ ಸಾಧ್ಯ? ನಾನು ಕೊಡೋದು ನಿಲ್ಲಿಸಿ ಎರಡು ತಿಂಗಳಾಯ್ತಲ್ಲ."

ನಾನು ಗೋಡೆ ಬಿಟ್ಟು ನೆಟ್ಟಗೆ ನಿಂತೆ. "ಏನಂದ್ರಿ?"

"ಮುಖ ಊದಿಕೊಳ್ತಾ ಬಂತು. ಮೆಟ್ಟಿಲು ಹತ್ತೋಕೂ ಕಷ್ಟಪಡ್ತಿದ್ರು. ನನಗೆ ಭಯ ಆಯ್ತು. ಬೇಡ ಅಂದ್ರೆ ಕೇಳೋರಲ್ಲ. ಅದಕ್ಕೆ ಅದೇ ಗಾತ್ರದ ಸುಣ್ಣದ ಮಾತ್ರೆ, ಮೂಳೆಗೆ ಕೊಡ್ತಾರಲ್ಲ, ಅದನ್ನ ಕೈಗೆ ಹಾಕ್ತಿದ್ದೆ. ಹೇಳದೆ. ವಾಸನೆ ಮತ್ತೆ ಹೋಗುತ್ತೆ ಅಂದ್ಕೊಂಡಿದ್ದೆ. ಹೋಗಲೇ ಇಲ್ಲ! ನನ್ನ ಚಮಚದ ಕಡೆ ನೋಡೋದೂ ಬಿಟ್ಟಿದ್ರು. ವಾಸಿಯಾಯ್ತು ಅಂತ ಎಷ್ಟು ಖುಷಿಪಟ್ಟೆ ಗೊತ್ತಾ?"

ಎರಡು ತಿಂಗಳ ಹಿಂದೆಯೇ ನಿಂತಿದ್ದರೆ ಸೋಮವಾರದ ರಕ್ತದಲ್ಲಿ ಇಪ್ಪತ್ನಾಲ್ಕು ಸಾವಿರ ಎಲ್ಲಿಂದ ಬಂತು? ಆವತ್ತು ಬೆಳಿಗ್ಗೆಯ ತನಕ ಅವರ ಮೈಯೊಳಗೆ ಮಾತ್ರೆ ಇತ್ತು.

"ಬದಲಾಯಿಸಿದ್ದು ಅವರಿಗೆ ಗೊತ್ತಾಗಲಿಲ್ಲ ಅಂತೀರಾ?"

"ಇಲ್ಲ. ಒಂದು ಮಾತೂ ಆಡಲಿಲ್ಲ."

"ಯಾರಿಗೆ ಗೊತ್ತಾಗಲಿಲ್ಲ? ನಾಲಿಗೆ ಯಜಮಾನರಿಗಾ? ನಾಲಿಗೆ ಮೇಲಿಟ್ಟರೆ ಕಹಿ ಆಗೋ ಮಾತ್ರೆಗೂ ಸೀಮೆಸುಣ್ಣದಂಥ ಮಾತ್ರೆಗೂ ವ್ಯತ್ಯಾಸ ತಿಳೀಲಿಲ್ವಾ? ಹೋಗಿದ್ದು ಮೂಗು, ನಾಲಿಗೆಯಲ್ಲ. ಕಹಿ ಹೇಳೋದು ಯಾವುದು ಅಂತ ರುಚಿಗಾರನಿಗೆ ನಾನು ಪಾಠ ಮಾಡಬೇಕಾ?"

ಇಷ್ಟು ವರ್ಷ ಆ ನಾಲಿಗೆಯ ಪಕ್ಕದಲ್ಲೇ ನಿಂತವನು ಅದನ್ನೇ ಮರೆತಿದ್ದ.

"ಮೊದಲನೇ ದಿನವೇ ತಿಳಿದಿತ್ತು ಅವರಿಗೆ," ಎಂದೆ. "ನಿಮ್ಮನ್ನ ನೋಯಿಸಬಾರದು ಅಂತ ನಿಮ್ಮ ಸುಣ್ಣಾನೂ ನುಂಗಿದ್ರು. ನಿಜವಾದದ್ದನ್ನ ಬೇರೆ ಕೈಯಿಂದ ತಗೊಂಡ್ರು. ಮೂಗಿನ ವಿಷಯ ಯಾರ್ಯಾರಿಗೆ ಗೊತ್ತಿತ್ತು?"

"ಅವರಿಗೆ, ನನಗೆ."

"ಇನ್ಯಾರಿಗೆ?"

ಅವನು ಅತ್ತೆಯ ಕಡೆ ಒಮ್ಮೆ ನೋಡಿದ.

"ನನ್ನ ಹೆಂಡತಿಗೆ. ಹಾಲು ಸೀದ ದಿನ ಕಿಟಕಿ ತೆಗೆದೋಳು ಅವಳೇ. ಅವತ್ತೇ ತಿಳ್ಕೊಂಡ್ಲು."

ನಮ್ಮಪ್ಪ ತಲೆನೋವಿಗೂ ಮಾತ್ರೆ ಮುಟ್ಟಿದವರಲ್ಲ. ಮೂರು ಸಲ. ಆ ಬೇರೆ ಕೈ ಅವಳದೇ. ನನ್ನ ಮುಂದೆ ಬಿಕ್ಕಿ ಬಿಕ್ಕಿ ಅತ್ತು ಕೇಸು ಕೊಟ್ಟವಳು! ಅಪ್ಪ ಕಣ್ಣೆದುರೇ ಕರಗುತ್ತಿದ್ದರೂ ತುಟಿ ಬಿಚ್ಚದವಳು! ಅವಳ ಎದುರು ಕೂತು ಚಹಾ ಕುಡಿದು ಸಮಾಧಾನ ಮಾಡಿದ್ದ ನನ್ನ ಬುದ್ಧಿಗೆ ಏನು ಹೇಳಲಿ?

ಫೋನ್ ರಿಂಗಾಯಿತು. ಡಾಕ್ಟರು. ಉಸಿರು ಕಟ್ಟಿದಂತೆ ಮಾತಾಡುತ್ತಿದ್ದರು.

"ಮೇಡಂ, ಮಂಚ ಖಾಲಿ ಇದೆ. ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ ಅಂತ ಮಗಳು ಸಹಿ ಹಾಕಿ ಕಾರಿನಲ್ಲಿ ಮಲಗಿಸ್ಕೊಂಡು ಹೋಗಿದಾರೆ. ನಾನು ಆಪರೇಷನ್ನಲ್ಲಿದ್ದೆ, ನರ್ಸುಗಳು ಬಿಟ್ಟುಬಿಟ್ಟಿದಾರೆ."

"ಆ ಆಸ್ಪತ್ರೆಗೆ ಕೇಳಿದ್ರಾ?"

"ಕೇಳಿದೆ. ಅಲ್ಲಿಗೆ ಹೋಗೇ ಇಲ್ಲ. ಮಧ್ಯಾಹ್ನ ನೀವು ಸ್ಟಿರಾಯ್ಡ್ ಅಂದ್ರಲ್ಲ, ನಾನು ಅದನ್ನ ಮಗಳಿಗೆ ಹೇಳಿ ಒಳಗೆ ಹೋದೆ. ಅದಾದ ಕೂಡಲೇ ಹೊರಟಿದಾರೆ."

ನಾನು ಏನೂ ಹೇಳುವ ಮೊದಲೇ ದೊಡ್ಡಮ್ಮ ನನ್ನ ಮುಖದಲ್ಲೇ ಎಲ್ಲವನ್ನೂ ಓದಿಕೊಂಡಿದ್ದರು. ತಮ್ಮ ಫೋನ್ ತೆಗೆದು ಮಗಳಿಗೆ ಹಚ್ಚಿದರು. ನಾನು ಸ್ಪೀಕರ್ ಒತ್ತಿದೆ. ಬಹಳ ಹೊತ್ತು ರಿಂಗಾದ ಮೇಲೆ ಅವಳು ಎತ್ತಿದಳು.

"ಎಲ್ಲಿದೀಯೇ? ಅಪ್ಪ ಎಲ್ಲಿ?"

"ನನ್ನ ತೊಡೆ ಮೇಲೆ ಮಲಗಿದಾರಮ್ಮ." ದನಿ ಅತ್ತು ಅತ್ತು ಒಡೆದಿತ್ತು. "ಹುಡುಕಬೇಡಿ. ಮೂಗಿನ ವಿಷಯ ಯಾರಿಗೂ ಗೊತ್ತಾಗಬಾರದು ಅಂತ ಅಪ್ಪ ತಮ್ಮ ತಲೆ ಮೇಲೆ ನನ್ನ ಕೈ ಇಡಿಸಿಕೊಂಡು ಆಣೆ ತಗೊಂಡಿದ್ರು. ಏನೇ ಆದ್ರೂ, ಅವರ ಪ್ರಾಣವೇ ಹೋದ್ರೂ. ಸತ್ತ ಮೇಲೂ ನಾಲಿಗೆ ಯಜಮಾನರಾಗೇ ಇರಬೇಕು ಅಂದ್ರು. ನಾನು ಮಾತು ಕೊಟ್ಟಿದೀನಿ."

"ನಿನ್ನ ಗಂಡ ಇಲ್ಲಿ ಜೈಲಲ್ಲಿದಾನಲ್ಲೇ!"

"ಅವರ ಮೇಲಿನ ಅಪವಾದ ನಾಳೆ ತೊಳೆಯಬಹುದು. ಅಪ್ಪನಿಗೆ ನಾಳೆ ಇಲ್ಲ."

ಸರಳಿನ ಹಿಂದೆ ಅಳಿಯ ಹೆಂಡತಿಯ ಹೆಸರು ಹಿಡಿದು ಕೂಗಿದ. ಆ ಕಡೆಯಿಂದ ಒಂದು ಬಿಕ್ಕು ಕೇಳಿಸಿತು, ಆಮೇಲೆ ಏನೂ ಇಲ್ಲ. ನನ್ನ ಫೋನಿನಿಂದ ಮತ್ತೆ ಹಚ್ಚಿದರೆ ಸ್ವಿಚ್ಡ್ ಆಫ್.

ದೊಡ್ಡಮ್ಮನಿಗೆ ಫೋನ್ ಕಟ್ಟಾದದ್ದು ತಿಳಿಯಲೇ ಇಲ್ಲ. ಎರಡೂ ಕೈಯಲ್ಲಿ ಫೋನ್ ಹಿಡಿದು ಒಂದೇ ಸಮನೆ ಹೇಳುತ್ತಿದ್ದರು.

"ವಾಸನೆ ಇಲ್ಲದಿದ್ರೆ ಬೇಡ ಕಣೇ. ನಾಲಿಗೆ ಇಲ್ಲದಿದ್ರೂ ಬೇಡ. ನನಗೆ ಅವರು ಉಳಿದ್ರೆ ಸಾಕು, ಎಲ್ಲಿದೀಯ ಹೇಳೇ..."